ಅತ್ರೆ ಎತ್ಕೋ ಪುಟ್ಟಿ: ಬಾಣಂತಿ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಪಾಪು ಅತ್ತಾಗೆಲ್ಲ ಎತ್ಕೊಂಡ್ರೆ ಚಾಳಿ ಬಿದ್ದುಬಿಡುತ್ತೆ, ಸ್ವಲ್ಪ ಹೊತ್ತು ಅಳೋಕೆ ಬಿಡು ಅಂತ ನಿಮ್ಮ ಅಪಾರ್ಟ್‌ಮೆಂಟಲ್ಲಿ ಯಾರೋ ಹೇಳಿದ್ರು ಅಂದ್ಯಲ್ಲ, ಅದಕ್ಕೆ ನನ್ನ ಉತ್ತರ ಒಂದೇ, ಎತ್ಕೋ. ಯಾಕೆ ಅಂತ ಫೋನಲ್ಲಿ ಹೇಳೋಕೆ ಹೋದ್ರೆ ಇಲ್ಲಿ ನೆಟ್‌ವರ್ಕ್ ಅರ್ಧಕ್ಕೇ ಕಟ್ ಆಗುತ್ತೆ, ಅದಕ್ಕೇ ಕೂತು ಬರೀತಿದೀನಿ. ಪತ್ರ ಉದ್ದ ಆಗುತ್ತೆ, ಪಾಪು ಮಲಗಿದಾಗ ಒಂದೊಂದು ಚೂರು ಓದ್ಕೋ.

ನಮ್ಮ ಕೊಡಗಿನ ಸುಂಟಿಕೊಪ್ಪದ ಸುತ್ತ ಎಸ್ಟೇಟ್ ಕಾರ್ಮಿಕರ ಲೈನ್‌ಮನೆ ಮಕ್ಕಳ ಜೊತೇನೇ ಅಂಗನವಾಡಿಯಲ್ಲಿ ಆಯುಷ್ಯ ಕಳೆದೋಳು ನಾನು, ನಿಂಗೆ ಗೊತ್ತು. ಮಕ್ಕಳನ್ನ ನೋಡಿ ನೋಡಿ ಮನಸ್ಸಿಗೆ ಹೊಳೀತಿದ್ದ ಎಷ್ಟೋ ವಿಷಯಕ್ಕೆ ಕಾರಣ ಏನು ಅಂತ ರಿಟೈರಾದ್ಮೇಲೆ ಓದ್ತಾ ಓದ್ತಾ ತಿಳ್ಕೊಂಡೆ, ಅದನ್ನೆಲ್ಲ ನಿಂಗಲ್ದೆ ಇನ್ಯಾರಿಗೆ ಹೇಳ್ಲಿ.

ಹುಟ್ಟಿದಾಗ ಮಗು ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ತೂಕ ಇರುತ್ತೆ. ಎರಡು ವರ್ಷ ತುಂಬೋ ಹೊತ್ತಿಗೆ ಮುಕ್ಕಾಲು ಭಾಗ ಆಗಿರುತ್ತೆ, ಐದಾರು ವರ್ಷಕ್ಕೆ ನೂರಕ್ಕೆ 90ರಷ್ಟು. ಅಂದ್ರೆ ಸ್ಕೂಲಿಗೆ ಬ್ಯಾಗ್ ಹಾಕ್ಕೊಂಡು ಹೋಗೋದ್ರೊಳಗೆ ಬೆಳೆಯೋದರ ಬಹುಪಾಲು ಬೆಳೆದಾಗಿರುತ್ತೆ. ನರಕೋಶಗಳು ಹೆಚ್ಚೂಕಮ್ಮಿ ಎಲ್ಲಾ ಹುಟ್ಟುವಾಗ್ಲೇ ಇರ್ತವೆ, ಹುಟ್ಟಿದ್ಮೇಲೆ ಭರದಿಂದ ಆಗೋದು ಒಂದಕ್ಕೊಂದರ ನಡುವಿನ ಜೋಡಣೆ, ಮೊದಲ ಕೆಲವು ವರ್ಷ ಒಂದು ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಹೊಸ ಜೋಡಣೆ ಆಗ್ತವೆ ಅಂತ ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರದೋರು ಲೆಕ್ಕ ಹೇಳ್ತಾರೆ. ನೀನು ಪಾಪುಗೆ ಎಣ್ಣೆ ಹಚ್ತಾ ಏನೋ ಒಂದು ಮಾತಾಡ್ತಿರ್ತೀಯಲ್ಲ, ಆಗ ಒಳಗೆ ಇಷ್ಟು ಕೆಲಸ ನಡೀತಿರುತ್ತೆ!

ಆದ್ರೆ ಆದ ಜೋಡಣೆ ಎಲ್ಲಾ ಉಳಿಯಲ್ಲ. ಶಿಕಾಗೋದಲ್ಲಿ ಪೀಟರ್ ಹಟನ್‌ಲೋಕರ್ ಅನ್ನೋ ಮಕ್ಕಳ ನರರೋಗ ಡಾಕ್ಟರು, ತೀರಿಹೋದವರ ಮಿದುಳಿನ ಚೂರುಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿಟ್ಟು ಈ ಜೋಡಣೆಗಳನ್ನ ಕೂತು ಎಣಿಸಿದ್ರು, 1979ರಲ್ಲಿ ಅದನ್ನ ಪ್ರಕಟಿಸಿದ್ರು. ಪುಟ್ಟ ಮಕ್ಕಳಲ್ಲಿ ಜೋಡಣೆ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇತ್ತು, ಆಮೇಲೆ ವರ್ಷ ಕಳೀತಾ ಕಮ್ಮಿ ಆಗ್ತಾ ಬರುತ್ತೆ. ಬಳಕೆ ಆಗಿದ್ದು ಗಟ್ಟಿಯಾಗುತ್ತೆ, ಬಳಕೆ ಆಗದೇ ಇದ್ದದ್ದು ಹೋಗುತ್ತೆ. ನಿಮ್ಮಪ್ಪ ಕಾಫಿ ಗಿಡಕ್ಕೆ ಕಪಾತು ಮಾಡ್ತಾರಲ್ಲ ಹಂಗೇ, ಮೊದಲು ಎಲ್ಲಾ ಕಡೆ ಚಿಗುರುತ್ತೆ, ಆಮೇಲೆ ಯಾವ ರೆಂಬೆ ಉಳೀಬೇಕು ಅನ್ನೋದು ತೀರ್ಮಾನ ಆಗೋದು. ಇಲ್ಲಿ ಕತ್ತರಿ ಹಿಡಿದಿರೋದು ಮಗುಗೆ ದಿನಾ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದು.

ಹ್ಯೂಬೆಲ್, ವೀಸೆಲ್ ಅನ್ನೋ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನ ಮೊದಲ ಕೆಲವು ತಿಂಗಳು ಮುಚ್ಚಿಟ್ಟು ನೋಡಿದ್ರು (ಪಾಪ, ಓದೋಕೇ ಸಂಕಟ ಆಗುತ್ತೆ). ಆಮೇಲೆ ಬಿಚ್ಚಿದ್ರೆ ಕಣ್ಣಿಗೆ ಏನೂ ಆಗಿಲ್ಲ, ಆದ್ರೆ ಮಿದುಳು ಆ ಕಣ್ಣಿನ ಮಾತು ಕೇಳೋದನ್ನೇ ಬಿಟ್ಟಿತ್ತು. ದೊಡ್ಡ ಬೆಕ್ಕಿಗೆ ಅಷ್ಟೇ ದಿನ ಮುಚ್ಚಿದ್ರೆ ಏನೂ ಆಗ್ಲಿಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಟ್ಟಿನಿಂದ್ಲೇ ಕಣ್ಣಲ್ಲಿ ಪೊರೆ ಇರೋ ಮಕ್ಕಳಿಗೆ ಈಗ ಮೊದಲ ವಾರಗಳಲ್ಲೇ ಆಪರೇಷನ್ ಮಾಡೋಕೆ ಡಾಕ್ಟರು ಅವಸರ ಪಡೋದು ಇದಕ್ಕೇ.

ಕಣ್ಣಿಗೆ ಬೆಳಕು ಬೇಕಾದ ಹಾಗೆ ಉಳಿದ ಮಿದುಳಿಗೆ ಏನು ಬೇಕು ಅಂದ್ರೆ, ತನಗೆ ಉತ್ತರ ಕೊಡೋ ಒಬ್ಬ ಮನುಷ್ಯ ಬೇಕು. ಪಾಪು "ಊಂ" ಅನ್ನುತ್ತೆ, ನೀನು "ಏನ್ ಬಂಗಾರ" ಅಂತೀಯ, ಮತ್ತೆ "ಊಂ" ಅನ್ನುತ್ತೆ, ನೀನು ಮತ್ತೆ ಏನೋ ಅಂತೀಯ, ನೋಡೋರಿಗೆ ಇದು ಕೆಲಸವೇ ಅಲ್ಲ ಅನ್ಸುತ್ತೆ, ಆದ್ರೆ ಭಾಷೆ, ನಂಬಿಕೆ, ಸಿಟ್ಟು ಬಂದಾಗ ತಡ್ಕೊಳ್ಳೋ ಶಕ್ತಿ ಎಲ್ಲಾ ಶುರುವಾಗೋದು ಇಲ್ಲಿಂದಲೇ ಕಣೆ.

ಅದು ಸಿಗದೇ ಹೋದ್ರೆ ಏನಾಗುತ್ತೆ ಅಂತ ರೊಮೇನಿಯಾ ದೇಶದ ಮಕ್ಕಳು ತೋರಿಸಿಕೊಟ್ರು, ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಜನಸಂಖ್ಯೆ ಹೆಚ್ಚಿಸಬೇಕು ಅಂತ 1966ರಲ್ಲಿ ಗರ್ಭಪಾತ ನಿಷೇಧ ಮಾಡಿದ, ಸಾಕೋಕಾಗದ ಬಡವರು ಮಕ್ಕಳನ್ನ ಸರ್ಕಾರಿ ಅನಾಥಾಲಯಕ್ಕೆ ಬಿಟ್ರು. 1989ರ ಕೊನೇಲಿ ಅವನ ಆಡಳಿತ ಬಿದ್ದಾಗ ಹೊರಗಿನೋರು ಹೋಗಿ ನೋಡಿದ್ರೆ ಒಂದು ಲಕ್ಷಕ್ಕೂ ಜಾಸ್ತಿ ಮಕ್ಕಳು ಇಂಥ ಕಡೆ. ಸಾಲಾಗಿ ತೊಟ್ಟಿಲು, ಟೈಮಿಗೆ ಹಾಲು, ಟೈಮಿಗೆ ಬಟ್ಟೆ, ಆದ್ರೆ ನೋಡ್ಕೊಳ್ಳೋರು ಬೆರಳೆಣಿಕೆ, ಅವರೂ ಶಿಫ್ಟ್ ಶಿಫ್ಟಿಗೆ ಬದಲು. ಆ ವಾರ್ಡುಗಳಲ್ಲಿ ಅಳುವೇ ಕೇಳ್ತಿರ್ಲಿಲ್ಲವಂತೆ, ಅತ್ರೆ ಯಾರೂ ಬರಲ್ಲ ಅಂತ ಮಕ್ಕಳು ಕಲಿತುಬಿಟ್ಟಿದ್ವು. ಅಳೋಕೆ ಬಿಟ್ರೆ ತಾನೇ ಸುಮ್ಮನಾಗುತ್ತೆ ಅಂತಾರಲ್ಲ ಪುಟ್ಟಿ, ಆ ಸುಮ್ಮನಾಗೋದರ ಕೊನೇ ತುದಿ ಅದು.

2000ನೇ ಇಸ್ವಿಯಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನೋ ಮೂವರು ಸಂಶೋಧಕರು ರೊಮೇನಿಯಾ ರಾಜಧಾನಿ ಬುಕಾರೆಸ್ಟಲ್ಲಿ ಅಂಥ 136 ಮಕ್ಕಳನ್ನ ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನ ಸಾಕುಮನೆಗಳಿಗೆ ಕಳಿಸಿ ವರ್ಷಗಟ್ಟಲೆ ನೋಡ್ತಾ ಬಂದ್ರು. ಅನಾಥಾಲಯದಲ್ಲೇ ಉಳಿದ ಮಕ್ಕಳ ಮಿದುಳಿನ ವಿದ್ಯುತ್ ಚಟುವಟಿಕೆ ಮಂಕಾಗಿತ್ತು. ಎರಡು ವರ್ಷ ತುಂಬೋ ಮೊದಲೇ ಒಂದು ಮನೆ, ಒಬ್ಬ ಅಮ್ಮ ಸಿಕ್ಕ ಮಕ್ಕಳದ್ದು ಎಂಟು ವರ್ಷ ಆಗೋ ಹೊತ್ತಿಗೆ ಮೊದಲಿಂದ ಮನೇಲೇ ಬೆಳೆದ ಮಕ್ಕಳ ಹಾಗೇ ಕಾಣಿಸ್ತು. ತಡವಾಗಿ ಹೋದೋರಿಗೆ ಅಷ್ಟು ಸಿಗ್ಲಿಲ್ಲ, ಸ್ವಲ್ಪ ಮಟ್ಟಿಗೆ ಸುಧಾರಿಸಿದ್ರು. ಆ ಅಮ್ಮ ಹೆತ್ತೋಳಲ್ಲ ನೋಡು, ಸಾಕಿದೋಳು.

ಇಷ್ಟು ಓದಿ ಹೆದರ್ಕೋಬೇಡ. ಅದು ತಿಂಗಳುಗಟ್ಟಲೆ ಯಾರೂ ಇಲ್ಲದ ಮಕ್ಕಳ ಕಥೆ, ನೀನು ಸ್ನಾನಕ್ಕೆ ಹೋದಾಗ ಪಾಪು ಹತ್ತು ನಿಮಿಷ ಅತ್ತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಡ್ವರ್ಡ್ ಟ್ರಾನಿಕ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಪ್ರಯೋಗ ಇದೆ, ಅಮ್ಮ ಮಗು ಜೊತೆ ಚೆನ್ನಾಗಿ ಆಟ ಆಡ್ತಿದ್ದು, ಇದ್ದಕ್ಕಿದ್ದ ಹಾಗೆ ಮುಖ ಕಲ್ಲು ಮಾಡ್ಕೊಂಡು ಸುಮ್ನೆ ಕೂರ್ಬೇಕು. ಮಗು ಮೊದಲು ನಗುತ್ತೆ, ಕೈ ತೋರಿಸುತ್ತೆ, ಕೂಗುತ್ತೆ, ಆಮೇಲೆ ಮುಖ ಆಚೆ ತಿರುಗಿಸಿ ಕುಸಿದುಬಿಡುತ್ತೆ. ಇದರ ವಿಡಿಯೋ ಬಹಳ ಜನ ನೋಡಿರ್ತಾರೆ. ಬಹಳ ಜನ ಕೇಳದೇ ಇರೋದು ಅದೇ ಟ್ರಾನಿಕ್ ಹೇಳಿದ ಇನ್ನೊಂದು ಮಾತು, ಒಳ್ಳೇ ಅಮ್ಮ ಮಗುವಿನ ನಡುವೇನೂ ತಾಳ ಕೂಡೋದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ, ಉಳಿದ ಹೊತ್ತೆಲ್ಲ ತಪ್ಪೋದು, ಮತ್ತೆ ಸರಿ ಮಾಡ್ಕೊಳ್ಳೋದು. ಆ ಸರಿ ಮಾಡ್ಕೊಳ್ಳೋದ್ರಿಂದಲೇ ಮಗು ಕಲಿಯುತ್ತೆ. ಹಾಗಾಗಿ ರಾತ್ರಿ ಮೂರು ಗಂಟೆಗೆ ರೇಗಿದೆ ಅಂತ ಬೆಳಗ್ಗೆ ಕೂತು ಕಣ್ಣೀರು ಹಾಕ್ಬೇಡ.

ಚಾಳಿ ವಿಷಯಕ್ಕೆ ಬರ್ತೀನಿ. ಅಮೆರಿಕದ ಬಾಲ್ಟಿಮೋರಲ್ಲಿ ಸಿಲ್ವಿಯಾ ಬೆಲ್, ಮೇರಿ ಐನ್ಸ್‌ವರ್ತ್ ಅನ್ನೋ ಸಂಶೋಧಕಿಯರಿಬ್ಬರೂ 26 ಅಮ್ಮ ಮಕ್ಕಳನ್ನ ಮೊದಲ ವರ್ಷ ಪೂರ್ತಿ ಮನೆಗೇ ಹೋಗಿ ಗಮನಿಸಿ 1972ರಲ್ಲಿ ಬರೆದಿದ್ದು, ಬೇಗ ಸ್ಪಂದಿಸಿದ ಅಮ್ಮಂದಿರ ಮಕ್ಕಳು ವರ್ಷದ ಕೊನೇಲಿ ಕಮ್ಮಿ ಅಳ್ತಿದ್ವು ಅಂತ. ಸಣ್ಣ ಗುಂಪು ಅದು, ಆಮೇಲೆ ಬೇರೆಯೋರು ಮಾಡಿದಾಗ ಹಾಗೇ ಬರ್ಲಿಲ್ಲ ಕೂಡ, ಅದಕ್ಕೇ ಅಳು ಕಮ್ಮಿ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ನಿದ್ದೆಗಣ್ಣಲ್ಲಿ ಕುಂಯ್ ಅಂದಿದ್ದಕ್ಕೆಲ್ಲ ಓಡ್ಬೇಕಾಗೂ ಇಲ್ಲ, ಎಷ್ಟೋ ಸಲ ಅದೇ ಮಗ್ಗುಲು ಬದಲಾಯಿಸಿ ಮಲಗುತ್ತೆ. ಆದ್ರೆ ನಾಲ್ಕು ತಿಂಗಳ ಕೂಸು ಅಮ್ಮನ್ನ ಆಟ ಆಡಿಸೋಣ ಅಂತ ಲೆಕ್ಕ ಹಾಕಿ ಅಳಲ್ಲ, ಹಾಗೆ ಲೆಕ್ಕ ಹಾಕೋ ಮಿದುಳು ಇನ್ನೂ ಬೆಳೆದೇ ಇಲ್ಲ. ಹೊಟ್ಟೆ ಹಸಿದಿದೆ, ನೋವಿದೆ, ಭಯ ಆಗಿದೆ, ಅಷ್ಟೇ. ತನ್ನನ್ನ ತಾನು ಸಮಾಧಾನ ಮಾಡ್ಕೊಳ್ಳೋದು ಹೇಗೆ ಅಂತ ಅದು ಕಲಿಯೋದೇ ನೂರಾರು ಸಲ ಬೇರೆಯೋರ ಎದೆ ಮೇಲೆ ಸಮಾಧಾನ ಆಗಿ.

ನಂಗೆ 2018ರ ಆಗಸ್ಟ್ ನೆನಪಾಗುತ್ತೆ. ಮಕ್ಕಂದೂರು ಕಡೆ, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಪರಿಹಾರ ಕೇಂದ್ರದಲ್ಲಿ ಮಕ್ಕಳನ್ನ ನೋಡ್ಕೊಳ್ಳೋಕೆ ನಾವೂ ಹೋಗಿದ್ವಿ. ಮನೆ, ತೋಟ ಎಲ್ಲಾ ಹೋದೋರ ಮಕ್ಕಳು, ಆದ್ರೂ ಅಜ್ಜಿ ಸೆರಗು ಹಿಡ್ಕೊಂಡಿದ್ದ ಪುಟಾಣಿಗಳು ಎರಡು ದಿನಕ್ಕೆ ಆಟಕ್ಕಿಳಿದ್ವು. ಇನ್ನು ಕೆಲವು ಮಕ್ಕಳಿಗೆ ಅಪ್ಪ ಅಮ್ಮ ಪಕ್ಕದಲ್ಲೇ ಇದ್ರೂ ಅವರೇ ಕಂಗಾಲಾಗಿ ಎಲ್ಲೋ ನೋಡ್ತಾ ಕೂತಿದ್ರು, ಆ ಮಕ್ಕಳು ತುಂಬಾ ದಿನ ಮಾತೇ ಆಡ್ಲಿಲ್ಲ. ಕಷ್ಟ ಬಂದಾಗ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರುತ್ತೆ, ಅದು ಏರಿ ಇಳಿದ್ರೆ ತೊಂದ್ರೆ ಇಲ್ಲ, ಮಗುನ ಅಪ್ಪಿಕೊಳ್ಳೋ ಒಬ್ಬ ದೊಡ್ಡೋರಿದ್ರೆ ಅದು ಇಳಿಯುತ್ತೆ. ಹೊಡೆತ, ಕುಡಿತ, ದಿನಾ ಜಗಳ ಇರೋ ಮನೇಲಿ, ಸಮಾಧಾನ ಮಾಡೋರೂ ಇಲ್ಲದೇ ಅದು ಏರಿದ್ದು ಏರಿದ ಹಾಗೇ ಇದ್ರೆ, ನೆನಪು ಮತ್ತು ಕಲಿಕೆ ನೋಡ್ಕೊಳ್ಳೋ ಹಿಪೊಕ್ಯಾಂಪಸ್ ಅನ್ನೋ ಜಾಗಕ್ಕೆ ಪೆಟ್ಟು ಬೀಳುತ್ತೆ. ಅಮೆರಿಕದ ಫೆಲಿಟಿ, ಆಂಡಾ ಅನ್ನೋ ಡಾಕ್ಟರು 9,500ಕ್ಕೂ ಹೆಚ್ಚು ಜನರನ್ನ ಕೇಳಿ 1998ರಲ್ಲಿ ಬರೆದ್ರು, ಬಾಲ್ಯದಲ್ಲಿ ಇಂಥ ಕಷ್ಟ ಹೆಚ್ಚು ಉಂಡೋರಿಗೆ ದೊಡ್ಡವರಾದ್ಮೇಲೆ ಹೃದಯದ ಕಾಯಿಲೆ, ಖಿನ್ನತೆ, ಕುಡಿತ ಎಲ್ಲಾ ಹೆಚ್ಚು ಅಂತ. ಅದು ಹಣೆಬರಹ ಅಂತಲ್ಲ, ನಮ್ಮ ಅಂಗನವಾಡಿಯಲ್ಲಿ ಅಂಥ ಮನೆಯಿಂದ ಬಂದ ಮಕ್ಕಳು ಎಷ್ಟು ಚೆನ್ನಾಗಿ ಬೆಳೆದ್ರು ಅಂತ ನಿಂಗೇ ಗೊತ್ತು, ಪ್ರತಿಯೊಬ್ಬರ ಹಿಂದೇನೂ ಒಬ್ಬ ಅಜ್ಜಿನೋ ದೊಡ್ಡಮ್ಮನೋ ಮೇಷ್ಟ್ರೋ ಇದ್ರು.

ನೀನು ತರಿಸಿರೋ ಆ ಫ್ಲ್ಯಾಷ್ ಕಾರ್ಡು, ಮಗು ಬುದ್ಧಿ ಚುರುಕಾಗೋ ಆಪ್, ಅದೆಲ್ಲ ವಾಪಸ್ ಕಳಿಸೋಕಾದ್ರೆ ಕಳಿಸು. ಪೆಟ್ರೀಷಿಯಾ ಕೂಲ್ ಅನ್ನೋ ಸಂಶೋಧಕಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದ್ರು, ಒಂದು ಗುಂಪಿಗೆ ಎದುರಿಗೇ ಮನುಷ್ಯರು ಕೂತು ಆಟ ಆಡಿಸಿ, ಇನ್ನೊಂದು ಗುಂಪಿಗೆ ಅದೇ ಜನ ಅದೇ ಮಾತು ಟಿವಿಯಲ್ಲಿ. ಎದುರಿಗೆ ಕೇಳಿದ ಮಕ್ಕಳು ಆ ಭಾಷೆ ಶಬ್ದಗಳನ್ನ ಗುರುತಿಸೋದು ಕಲಿತ್ರು, ಟಿವಿ ನೋಡಿದೋರು ಏನೇನೂ ಕಲೀಲಿಲ್ಲ. ಆರು ತಿಂಗಳ ಕೂಸಿಗೆ ಪ್ರಪಂಚದ ಎಲ್ಲಾ ಭಾಷೆ ಶಬ್ದದ ವ್ಯತ್ಯಾಸವೂ ಗೊತ್ತಾಗುತ್ತಂತೆ, ವರ್ಷ ತುಂಬೋದ್ರೊಳಗೆ ಕಿವಿ ಮೇಲೆ ಬಿದ್ದ ಭಾಷೆಗಳ ಕಡೆ ವಾಲುತ್ತೆ. ಅದಕ್ಕೇ ನಿಮ್ಮತ್ತೆ ಪಾಪು ಜೊತೆ ತಮ್ಮ ಮನೆಮಾತು ಅರೆಭಾಷೆಯಲ್ಲೇ ಮಾತಾಡ್ಲಿ, ಮಗು ಗೊಂದಲ ಆಗುತ್ತೆ ಅಂತ ತಡೀಬೇಡ. ಸುಂಟಿಕೊಪ್ಪ ಸಂತೆಗೆ ಬಂದು ನೋಡು, ಕನ್ನಡ, ಕೊಡವ ತಕ್ಕ್, ಮಲಯಾಳ ಮೂರನ್ನೂ ಆಡೋ ಮಕ್ಕಳು ಸಿಗ್ತಾರೆ, ಯಾರಿಗೂ ಏನೂ ಆಗಿಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಲ್ಲಿ ಕೊರೀತಾನೇ ಇರುತ್ತೆ, ನಿನ್ನ ಹತ್ರ ಹೇಳ್ಕೊಂಡ್ಬಿಡ್ತೀನಿ. ಅಂಗನವಾಡಿಗೆ ಮಕ್ಕಳು ಬಂದು ಕೂರೋದು ಮೂರು ವರ್ಷದ ಮೇಲೆ. ಆರು ತಿಂಗಳಿಂದ ಮೂರು ವರ್ಷದವರಿಗೆ ನಾವು ಕೊಡ್ತಿದ್ದಿದ್ದು ಮನೆಗೆ ಒಯ್ಯೋ ಆಹಾರದ ಪೊಟ್ಟಣ, ತೂಕ ನೋಡೋದು, ಚುಚ್ಚುಮದ್ದು ನೆನಪಿಸೋದು. ಮಿದುಳು ಅಷ್ಟು ಜೋರಾಗಿ ಬೆಳೆಯೋ ವರ್ಷಗಳು ಅವೇ, ಆಗ ಮಗು ಎಲ್ಲಿರುತ್ತೆ? ಕಾಫಿ ಕುಯ್ಲಿನ ಟೈಮಲ್ಲಿ ಗಿಡದ ಬುಡದಲ್ಲಿ ಸೀರೆ ಜೋಲಿಯಲ್ಲಿ, ಇಲ್ಲಾ ಲೈನ್‌ಮನೇಲಿ ಏಳು ವರ್ಷದ ಅಕ್ಕನ ಸೊಂಟದ ಮೇಲೆ. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರ್ಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕರ ಕಾನೂನಲ್ಲೇ ಬರೆದಿದ್ರು, ಸಣ್ಣ ತೋಟಕ್ಕೆ ಅದು ಅನ್ವಯ ಆಗ್ತಿರ್ಲಿಲ್ಲ, ಈಗ ಅಸ್ಸಾಂ ಕಡೆಯಿಂದ ಬಂದು ಸೀಸನ್ನಿಗೆ ಮಾತ್ರ ಇರೋ ಸಂಸಾರಗಳ ಮಕ್ಕಳಂತೂ ಯಾವ ಲೆಕ್ಕಕ್ಕೂ ಸಿಗಲ್ಲ. ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅಂತ ಶಿಶುಪಾಲನಾ ಕೇಂದ್ರ ಶುರುವಾಗಿರೋದು ನೋಡಿ ಸ್ವಲ್ಪ ಸಮಾಧಾನ ನಂಗೆ.

ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಅನ್ನೋ ಡಾಕ್ಟರಮ್ಮ 1980ರ ದಶಕದಲ್ಲಿ ಮಾಡಿದ್ದನ್ನ ಓದಿದಾಗ ನಮ್ಮ ಕಾರ್ಯಕರ್ತೆಯರೇ ಕಣ್ಣಮುಂದೆ ಬಂದ್ರು. ಅಪೌಷ್ಟಿಕತೆಯಿಂದ ಕುಳ್ಳಗಾಗಿದ್ದ 129 ಮಕ್ಕಳು. ಅದರಲ್ಲಿ ಅರ್ಧದಷ್ಟು ಮನೆಗಳಿಗೆ ವಾರಕ್ಕೊಂದು ಗಂಟೆ, ಎರಡು ವರ್ಷ, ಊರಿನ ಆರೋಗ್ಯ ಕಾರ್ಯಕರ್ತೆ ಹೋಗಿ ಡಬ್ಬಿ, ಮುಚ್ಚಳ, ಬಟ್ಟೆ ಗೊಂಬೆ ಇಟ್ಕೊಂಡು ಮಗು ಜೊತೆ ಹೇಗೆ ಆಡ್ಬೇಕು ಹೇಗೆ ಮಾತಾಡ್ಬೇಕು ಅಂತ ಅಮ್ಮಂಗೆ ತೋರಿಸಿದ್ಲು, ಅಷ್ಟೇ. 20 ವರ್ಷದ ಮೇಲೆ ಹುಡುಕ್ಕೊಂಡು ಹೋಗಿ ಕೇಳಿದ್ರೆ ಆ ಮಕ್ಕಳ ಸಂಪಾದನೆ ಉಳಿದೋರಿಗಿಂತ ನೂರಕ್ಕೆ 25ರಷ್ಟು ಜಾಸ್ತಿ. ನಮ್ಮ ಕಾರ್ಯಕರ್ತೆಯರಿಗೂ ರಿಜಿಸ್ಟರ್ ಬರೆಯೋ ಹೊರೆ ಸ್ವಲ್ಪ ಇಳಿಸಿ ಆ ಒಂದು ಗಂಟೆ ಕೊಟ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ಆಸೆ ಆಗುತ್ತೆ.

ಈಗ ನಿನ್ನ ವಿಷಯ. ಮಗುಗೆ ಉತ್ತರ ಕೊಡೋ ಅಮ್ಮಂಗೆ ನಿದ್ದೆ ಬೇಕು, ಊಟ ಬೇಕು, ಅವಳ ಮಾತು ಕೇಳೋರೂ ಬೇಕು. ಬಾಣಂತನ ಅಂತ ಮೂರು ತಿಂಗಳು ಕೂರಿಸಿ ಬಿಸಿನೀರು ಹಾಕಿ ಉಣ್ಣಿಸ್ತಿದ್ದಿದ್ದು ಅದಕ್ಕೇ. ಫೋನಲ್ಲಿ ನಿನ್ನ ದನಿ ಈಚೆಗೆ ತುಂಬಾ ಸೊರಗಿದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಸುಮ್ಸುಮ್ನೆ ಅಳು ಬರೋದು, ಪಾಪು ಮಲಗಿದ್ರೂ ನಿಂಗೆ ನಿದ್ದೆ ಬರದೇ ಇರೋದು, ಯಾವುದರಲ್ಲೂ ಮನಸ್ಸಿಲ್ಲ ಅನ್ಸೋದು ಇದ್ರೆ ಡಾಕ್ಟರ್ ಹತ್ರ ಹೋಗು, ಹೆರಿಗೆ ಆದ್ಮೇಲೆ ಬರೋ ಖಿನ್ನತೆ ಕಾಯಿಲೇನೇ, ಅದಕ್ಕೆ ಚಿಕಿತ್ಸೆ ಇದೆ, ಹಾಲು ಕುಡಿಸ್ತಾ ತಗೊಳ್ಳೋ ಮಾತ್ರೆಗಳೂ ಇವೆ. ಅಳಿಯಂದಿರಿಗೂ ಹೇಳು, ರಾತ್ರಿ ಒಂದು ಪಾಳಿ ಅವರು ಎತ್ಕೊಳ್ಳಲಿ. ಎತ್ಕೊಂಡು ಎತ್ಕೊಂಡೇ ಅಪ್ಪಂದಿರಿಗೂ ಆ ಜಾಣ್ಮೆ ಬರುತ್ತೆ.

26 ವಾರದ ರಜೆ ಮುಗಿದ್ಮೇಲೆ ಕೆಲಸಕ್ಕೆ ಹೋಗೋದಕ್ಕೆ ಸಂಕೋಚ ಪಡ್ಬೇಡ. ಮಗುಗೆ ಅಂಟಿಕೊಳ್ಳೋಕೆ ಒಬ್ಬರೇ ಇರ್ಬೇಕು ಅಂತಿಲ್ಲ, ಮೂರು ನಾಲ್ಕು ಜನರ ಹತ್ರಾನೂ ನೆಮ್ಮದಿಯಾಗಿರುತ್ತೆ, ಆ ಜನ ದಿನಾ ಬದಲಾಗ್ಬಾರದು ಅಷ್ಟೇ. ಮುಂದಿನ ವಾರ ಆ ಶಿಶುಪಾಲನಾ ಕೇಂದ್ರ (ಕ್ರೆಶ್) ನೋಡೋಕೆ ಹೋಗ್ತೀನಿ ಅಂದ್ಯಲ್ಲ, ಎಸಿ, ಕ್ಯಾಮೆರಾ, ಇಂಗ್ಲಿಷ್ ರೈಮ್ಸ್ ಅಂತ ತೋರಿಸ್ತಾರೆ, ಅದನ್ನ ಬಿಟ್ಟು ಒಬ್ಬ ಆಯಾಗೆ ಎಷ್ಟು ಕೂಸುಗಳು, ಆಯಾಗಳು ಎಷ್ಟು ದಿನದಿಂದ ಅಲ್ಲಿದ್ದಾರೆ, ಪಾಪುಗೆ ಅಂತ ಒಬ್ಬರೇ ಇರ್ತಾರಾ ಅಂತ ಕೇಳು. ಮುಕ್ಕಾಲು ಗಂಟೆ ಅಲ್ಲೇ ಕೂತು ನೋಡು, ಯಾವುದಾದ್ರೂ ಮಗು ಅತ್ರೆ ಯಾರು ಏಳ್ತಾರೆ, ಎಷ್ಟು ಹೊತ್ತಿಗೆ ಏಳ್ತಾರೆ ಅಂತ. ಸರಿ ಅನ್ನಿಸ್ಲಿಲ್ಲ ಅಂದ್ರೆ ಅಡ್ವಾನ್ಸ್ ಕಟ್ಬೇಡ, ಇನ್ನೊಂದು ಹುಡುಕೋತನಕ ನಾನು ಬಂದು ಇರ್ತೀನಿ, ಅಪ್ಪನ ಹತ್ರ ಆಗ್ಲೇ ಮಾತಾಡಿದೀನಿ.

ನಿನ್ನ ಅಮ್ಮ