ಲಾಭ, ಎರಡು, ಮೂರು

ಈ ಜೂನಿನಲ್ಲಿ ನಮ್ಮ ಮಗಳು ಐದನೇ ತರಗತಿಗೂ ಮಗ ಮೂರನೇ ತರಗತಿಗೂ ಸರ್ಕಾರಿ ಶಾಲೆ ಸೇರಿದರು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನಾಲ್ಕು ವರ್ಷ ಮನೆಯಲ್ಲೇ ಕಲಿಸಿದೆಯಲ್ಲ, ಭೇಷ್ ಎಂದು ನೆಂಟರು ಫೋನ್ ಮಾಡುತ್ತಿದ್ದಾರೆ. ಆ ಹೊಗಳಿಕೆಯನ್ನು ನಾನೊಬ್ಬಳೇ ಇಟ್ಟುಕೊಂಡರೆ ಉಂಡ ಅನ್ನ ಅರಗುವುದಿಲ್ಲ. ಯಾರ ಪಾಲು ಯಾರಿಗೆಂದು ಇಲ್ಲಿ ಹೇಳಿಬಿಡುತ್ತೇನೆ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಊರು. 2020ರಲ್ಲಿ ಮಗಳು ಒಂದನೇ ತರಗತಿಗೆ ಹೋಗಬೇಕಿತ್ತು, ಕೊರೊನಾ ಬಂತು. 2021ರ ಅಕ್ಟೋಬರ್ 25ರಂದು ರಾಜ್ಯದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆಯುವ ಹೊತ್ತಿಗೆ ನಮ್ಮೂರ ಶಾಲೆಗೆ ಮಕ್ಕಳೇ ಉಳಿದಿರಲಿಲ್ಲ, ಬೀಗ ಬಿತ್ತು. ಮುಂದಿನ ಶಾಲೆ ನಾಲ್ಕು ಕಿಲೋಮೀಟರ್ ದೂರ, ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ. ಆಷಾಢದ ಮಳೆಯಲ್ಲಿ ಆ ಸಂಕದ ಮೇಲೆ ಕಾಲಿಡಲು ನನಗೇ ಎದೆ ನಡುಗುತ್ತದೆ. ಮನೆಯಲ್ಲಿ ಕಲಿಸಿದ್ದಕ್ಕೆ ಇದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ.

ಬಿ.ಕಾಂ. ಓದಿದವಳು, ಒಂದನೇ ತರಗತಿ ಏನು ಮಹಾ ಎಂದುಕೊಂಡಿದ್ದೆ. ಅ ಆ ಇ ಈ ಎಂದು ಶುರು ಮಾಡಿ ಅಂ ಅಃ ಮುಟ್ಟುವಷ್ಟರಲ್ಲಿ ಮಗಳಿಗೆ ಅಳು, ನನಗೆ ಸಿಟ್ಟು. ಮೂರನೇ ವಾರ ಕಾಪಿ ಪುಸ್ತಕವೇ ಮಾಯವಾಯಿತು. ಕೊಟ್ಟಿಗೆಯಲ್ಲಿ ಹುಲ್ಲು ಸೆಳೆಯಲು ಹೋದ ಅತ್ತೆಯವರಿಗೆ ಅದು ಹುಲ್ಲಿನ ಅಡಿಯಲ್ಲಿ ಸಿಕ್ಕಿತು. ಯಾರು ಬಚ್ಚಿಟ್ಟರು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮೊದಲ ನಮಸ್ಕಾರ ಆಚೆ ಕೇರಿಯ ನಿವೃತ್ತ ಅಕ್ಕೋರಿಗೆ, ಅಂದರೆ ಶಿಕ್ಷಕಿಗೆ. ನನ್ನ ಕೂಗಾಟ ಅವರ ಅಂಗಳಕ್ಕೂ ಕೇಳಿಸಿತ್ತೋ ಏನೋ, ಒಂದು ಸಂಜೆ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅವರು ವರ್ಷಗಟ್ಟಲೆ ನಲಿ-ಕಲಿ ತರಗತಿ ನಡೆಸಿದವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ, ಕಾರ್ಡು ಮತ್ತು ಚಟುವಟಿಕೆಗಳಿಂದ ಕಲಿಸುವ ಪದ್ಧತಿ ಅದು. ಪೆಟ್ಟಿಗೆಯಿಂದ ಐದು ಕಾರ್ಡು ತೆಗೆದು ಜಗಲಿಯ ಮೇಲೆ ಇಟ್ಟರು: ರ, ಗ, ಸ, ದ, ಅ. “ಅಕ್ಷರಮಾಲೆ ಎಲ್ಲೂ ಓಡಿಹೋಗುವುದಿಲ್ಲ ತಂಗೀ, ಮೊದಲು ಇಷ್ಟು ಹಿಡಿ” ಎಂದರು.

ಹದಿನೈದು ದಿನ ಕಳೆದಿರಬೇಕು. ಮಗಳು ಒಬ್ಬಳೇ ಕೂತು ಕಾರ್ಡು ಜೋಡಿಸುತ್ತಿದ್ದಳು. ಸರ ಆಯಿತು, ಅರಸ ಆಯಿತು, ಅಗಸ ಆಯಿತು. ಆಮೇಲೆ ಗ ಇಟ್ಟಳು, ರ ಇಟ್ಟಳು, ಇನ್ನೊಂದು ಗ ಇಲ್ಲವೆಂದು ಅಲ್ಲಿ ತನ್ನ ಹೆಬ್ಬೆರಳನ್ನೇ ಊರಿ, ಮುಂದೆ ಸ ಇಟ್ಟು ಓದಿದಳು: ಗ-ರ-ಗ-ಸ. ತಟ್ಟನೆ ಎದ್ದು ಕೊಟ್ಟಿಗೆಗೆ ಓಡಿ, ಗೋಡೆಗೆ ನೇತುಹಾಕಿದ್ದ ಗರಗಸವನ್ನು ಕತ್ತೆತ್ತಿ ನೋಡುತ್ತ ನಿಂತಳು. ಐದೇ ಅಕ್ಷರಕ್ಕೆ ಮನೆಯೊಳಗಿನ ಒಂದು ಸಾಮಾನು ಓದಲು ಸಿಕ್ಕಿತ್ತು. ನನ್ನ ಋ ೠ ಇಟ್ಟುಕೊಂಡು ಏನು ಓದಬಹುದಿತ್ತು ಹೇಳಿ.

ಲೆಕ್ಕ ಕಲಿಸಿದವರು ಮಾವ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಮೊಮ್ಮಕ್ಕಳನ್ನು ತಕ್ಕಡಿಯ ಪಕ್ಕ ಕೂರಿಸಿ, ಯಾರು ಎಷ್ಟು ಕಿಲೋ ಸುಲಿದರು, ಅವರ ಕೂಲಿ ಎಷ್ಟಾಯಿತು ಎಂದು ಬರೆಸುತ್ತಿದ್ದರು. ತಪ್ಪಿದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹಿಂದೆ ಕೂತ ಹೆಂಗಸರೇ ಬಾಯಿಗೆ ಬಾಯಿ ಕೊಡುತ್ತಿದ್ದರು, ಏಕೆಂದರೆ ದುಡ್ಡು ಅವರದು. ಅಂಥ ಪರೀಕ್ಷೆ ಯಾವ ಶಾಲೆಯಲ್ಲೂ ಇರಲಾರದು. ಆ ಹೆಂಗಸರಿಗೂ ನಾನು ಋಣಿ.

ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯುವಂತಿಲ್ಲ. ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಗ್ರಂಥಪಾಲಕರು ಒಂದೇ ಪುಸ್ತಕ ಎಂಬ ಕಟ್ಟಳೆಯನ್ನು ಕಣ್ಣು ಮುಚ್ಚಿಕೊಂಡು ಪಾಲಿಸುತ್ತಿದ್ದರು, ಅಂದರೆ ಎಷ್ಟು ಒಯ್ದರೂ ನೋಡುತ್ತಿರಲಿಲ್ಲ.

ಅತ್ತೆಯವರಿಗೆ ನಮ್ಮ ಈ ಪ್ರಯೋಗ ಮೊದಲಿನಿಂದಲೂ ಇಷ್ಟವಿರಲಿಲ್ಲ. ಆದರೆ ಮನೆಗೆ ಬಂದವರು “ಮಕ್ಕಳನ್ನು ಶಾಲೆಗೆ ಹಾಕಲಿಲ್ಲವಂತೆ?” ಎಂದು ಕೆದಕಿದಾಗಲೆಲ್ಲ “ಆಸರಿಗೆ (ಕುಡಿಯಲು) ಏನು ಕೊಡಲಿ?” ಎಂದು ಮಾತು ತಿರುಗಿಸಿದವರು ಅವರೇ. ನನ್ನನ್ನು ಬೈಯುವುದಿದ್ದರೆ ಬಂದವರು ಹೋದ ಮೇಲೆ ಬೈದರು.

ಇಷ್ಟೆಲ್ಲ ಇದ್ದೂ ಶಾಲೆ ಬೇಕೆಂದು ಹಟ ಹಿಡಿದವಳು ಮಗಳು. ಗ್ರಂಥಾಲಯದಿಂದ ತಂದ ಪುಸ್ತಕದಲ್ಲಿ ಖೊ ಖೊ ಆಟದ ನಿಯಮ ಓದಿ, “ಆಯಿ, ಒಂದು ತಂಡಕ್ಕೇ ಒಂಬತ್ತು ಜನ ಬೇಕು. ನಮ್ಮನೆಯಲ್ಲಿ ಅಜ್ಜ ಅಜ್ಜಿ ಸೇರಿದರೂ ಆರೇ” ಎಂದಳು. ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಹಳ್ಳಕ್ಕೆ ಅಷ್ಟರಲ್ಲಿ ಸಿಮೆಂಟಿನ ಕಾಲುಸೇತುವೆಯೂ ಬಂದಿತ್ತು.

ಪೇಟೆಯ ಒಂದು ಶಾಲೆಯಲ್ಲಿ ಟಿ.ಸಿ. ಇಲ್ಲವೆಂದು ಅರ್ಜಿಯನ್ನೇ ಕೊಡಲಿಲ್ಲ. ಶಾಲೆಯ ಮುಖವನ್ನೇ ಕಾಣದ ಮಗುವಿಗೆ ಟಿ.ಸಿ. ಎಲ್ಲಿಂದ ತರಲಿ? ಹಳ್ಳದಾಚೆಯ ಸರ್ಕಾರಿ ಶಾಲೆಯ ಹೆಡ್‌ಮಾಸ್ತರು ಮಾತ್ರ ಕೂರಿಸಿ ಮಾತನಾಡಿಸಿದರು. ಆರು ದಾಟಿದ ಮಗು ಶಾಲೆಗೆ ಸೇರದೆ ಉಳಿದಿದ್ದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಹೇಳುತ್ತದೆ ಎಂದು ತೋರಿಸಿದರು. ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ವಿದ್ಯಾರ್ಥಿಗೆ ಸಿಗುವ ಸ್ಯಾಟ್ಸ್ ಸಂಖ್ಯೆ ಮಾಡಿಸಲು ನೆಟ್‌ವರ್ಕ್ ಸಿಗದೆ ಮೂರು ದಿನ ಹೆಣಗಾಡಿದವರೂ ಅವರೇ. ಮಾಸ್ತರೇ, ಆ ಮೂರು ದಿನಗಳಿಗೆ ನನ್ನ ಪ್ರತ್ಯೇಕ ನಮಸ್ಕಾರ.

ಮೊದಲ ದಿನ ಮಗಳು ಪಾಠದ ನಡುವೆ ಯಾರನ್ನೂ ಕೇಳದೆ ಎದ್ದು ನೀರು ಕುಡಿದು ಬಂದಳಂತೆ. ಕೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ನನಗದು ಹೊಳೆದೇ ಇರಲಿಲ್ಲ. ಮಗನ ಕತೆ ಇನ್ನೂ ಚೆಂದ. ಮಣಿ ಎಣಿಸು ಎಂದರೆ “ಲಾಭ, ಎರಡು, ಮೂರು” ಎಂದು ಶುರು ಮಾಡಿದನಂತೆ. ಅಕ್ಕಿ ಅಳೆಯುವಾಗ ಮಾವ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ತರಗತಿಯೆಲ್ಲ ನಕ್ಕಿತು. ಅಲ್ಲಿಯ ಅಕ್ಕೋರು ನಗದೆ, ನಿಮ್ಮ ಮನೆಗಳಲ್ಲಿ ಯಾರು ಯಾರು ಹೀಗೆ ಎಣಿಸುತ್ತಾರೆ ಕೇಳಿಕೊಂಡು ಬನ್ನಿ ಎಂದು ಎಲ್ಲರಿಗೂ ಮನೆಪಾಠ ಕೊಟ್ಟರಂತೆ. ಮರುದಿನ ಏಳು ಮಕ್ಕಳು ಕೈ ಎತ್ತಿದರು. ಆ ಅಕ್ಕೋರನ್ನು ನಾನಿನ್ನೂ ಮುಖತಃ ನೋಡಿಲ್ಲ, ಧನ್ಯವಾದ ಮಾತ್ರ ಮುಂಗಡವಾಗಿ ಸಲ್ಲಲಿ.

ಆಚೆ ಕೇರಿಯ ಅಕ್ಕೋರಿಗೆ ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಈ ಭಾನುವಾರ ಪೆಟ್ಟಿಗೆ ಹಿಂದಿರುಗಿಸಲು ಬರುತ್ತಿದ್ದೇವೆ. ‘ಗ’ ಕಾರ್ಡನ್ನು ನಮ್ಮ ಕರು ಎಂದೋ ತಿಂದುಹಾಕಿತ್ತು, ನಿಮಗೆ ಹೇಳಿರಲಿಲ್ಲ. ಮಗಳು ರಟ್ಟು ಕತ್ತರಿಸಿ ಹೊಸದು ಮಾಡಿದ್ದಾಳೆ. ಒಂದಲ್ಲ, ಎರಡು.