ಬೆಳಗಾವಿ ಸ್ಟೇಷನ್‌ಗೆ ಬಂದವರಿಗೆ, ಬರಲಾಗದವರಿಗೆ

ನಮ್ಮ ಮನೆಯವರು ಸೇನೆಯಿಂದ ರಿಟೈರ್ ಆಗಿ ಬಂದ ದಿನ ಸ್ಟೇಷನ್‌ಗೆ ಬಂದಿದ್ದವರಿಗೆಲ್ಲ ಫೋನ್ ಮಾಡಿ ಧನ್ಯವಾದ ಹೇಳೋಣ ಅಂದುಕೊಂಡಿದ್ದೆ. ಆಗುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಯೋಧ ಊರಿಗೆ ಮರಳಿದರೆ ತೆರೆದ ಜೀಪು, ಹಾರ, ಡೊಳ್ಳು ಇದ್ದದ್ದೇ ಅಲ್ವಾ. ಚನ್ನಮ್ಮ ಸರ್ಕಲ್‌ನಲ್ಲಿ ಮೂರ್ತಿಗೆ ಹಾರ ಹಾಕಿ ಸುಮ್ನೆ ಹಳ್ಳಿ ದಾರಿ ಹಿಡಿಯುವುದು ಅಂತಿದ್ದೆವು. ನೀವು ನೋಡಿದರೆ ಜೆಸಿಬಿ ತಂದು ಮೇಲಿಂದ ಹೂ ಸುರಿಸಿದಿರಿ! ಇವರ ಟೋಪಿ, ಮೀಸೆ, ಕಿವಿ ತುಂಬಾ ಚೆಂಡು ಹೂವಿನ ಎಸಳು. ಜೆಸಿಬಿ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಹುಡುಗರು ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಹೊತ್ತು ಹಾರ್ನ್ ಹೊಡೆಯದೆ ಕಾದ ಬೈಕಿನವರಿಗೆ, ಟ್ರಾಫಿಕ್ ಪೊಲೀಸರಿಗೆ ಕೈ ಮುಗಿಯುತ್ತೇನೆ.

ಗುಂಪಿನ ಹಿಂದೆ ನಮ್ಮ ಓಣಿಯ ಅಜ್ಜ ನಿಂತಿದ್ದರು, ಕೋಟಿನ ಮೇಲೆ ಮೆಡಲ್ ಹಾಕಿಕೊಂಡು. 1971ರ ಯುದ್ಧದಲ್ಲಿ ಮರಾಠಾ ಪಲ್ಟನ್ ಜೊತೆ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ ಹೋರಾಡಿದವರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಆಮೇಲೆ ಸೂಟಿ ಸಿಕ್ಕಾಗ ಅವರು ಮೀಟರ್ ಗೇಜ್ ಗಾಡಿಯಲ್ಲಿ ಇದೇ ಸ್ಟೇಷನ್‌ಗೆ ಬಂದಿಳಿದು, ಕರಿ ಟ್ರಂಕು ತಲೆ ಮೇಲಿಟ್ಟುಕೊಂಡು ಬಸ್ ಹಿಡಿದರಂತೆ. ಅವತ್ತು ಅವರನ್ನು ತಡೆದು ಮಾತಾಡಿಸಿದ್ದು ಟಿಕೆಟ್ ಕಲೆಕ್ಟರ್ ಒಬ್ಬರೇ! ನಮ್ಮವರು ಅಜ್ಜನ ಕೈ ಹಿಡಿದು ಜೀಪಿಗೆ ಹತ್ತಿಸಿದರು. ಡೊಳ್ಳಿನ ಹುಡುಗರು ಯಾರೂ ಹೇಳದೆ ಅಜ್ಜನ ಕಡೆ ತಿರುಗಿ ಬಾರಿಸಿದರಲ್ಲ, ಅವರಿಗೆ ಏನು ಕೊಟ್ಟರೂ ಕಡಿಮೆ.

ಇದಕ್ಕಿಂತ ಹಳೆಯ ಋಣ ಒಂದಿದೆ. 2025ರ ಮೇ ತಿಂಗಳದ್ದು. ಸೂಟಿಗೆ ಬಂದಿದ್ದ ಇವರನ್ನು ಅರ್ಧಕ್ಕೇ ವಾಪಸ್ ಕರೆದರು. ಆಪರೇಷನ್ ಸಿಂಧೂರ ನಡೆದ 7ನೇ ತಾರೀಖು ಬೆಳಿಗ್ಗೆ ಟಿವಿಯಲ್ಲಿ ಕರ್ನಲ್ ಸೋಫಿಯಾ ಖುರೇಷಿ ಮಾತಾಡುತ್ತಿದ್ದರು. ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಅಂತ ಎಲ್ಲರಿಗೂ ಹೆಮ್ಮೆ. ನನಗೂ ಇತ್ತು, ಆದರೆ ಕಣ್ಣು ಫೋನ್ ಮೇಲೆ. ಇವರು ಜಮ್ಮು ಕಡೆ ಇದ್ದರು, ಫೋನ್ ಹತ್ತುತ್ತಿರಲಿಲ್ಲ. ಪಕ್ಕದ ಮನೆ ಅಕ್ಕ ರೊಟ್ಟಿ ಬುಟ್ಟಿ ಹಿಡಿದು ಬಂದು, ಟಿವಿ ಆರಿಸಿ, "ಮೊದಲು ಉಣ್ಣು" ಅಂದರು. 10ನೇ ತಾರೀಖು ಸಂಜೆ ಕದನ ವಿರಾಮ ಆಗುವವರೆಗೆ ನನಗೆ ಒಲೆ ಹಚ್ಚಲು ಬಿಡಲಿಲ್ಲ. ಅತ್ತೆಯವರ ಬಿಪಿ ಗುಳಿಗೆ ತಂದುಕೊಟ್ಟು "ರೊಕ್ಕ ಆಮೇಲೆ ನೋಡೋಣ ಬಿಡ್ರಿ" ಅಂದ ಔಷಧ ಅಂಗಡಿ ಹುಡುಗ ಮೆರವಣಿಗೆ ದಿನವೂ ಅಂಗಡಿಯಲ್ಲೇ ಇದ್ದ. ಇವರ್ಯಾರೂ ಫೋಟೊದಲ್ಲಿಲ್ಲ. ಅದಕ್ಕೇ ಹೇಳಿದೆ.

ನಮ್ಮವರು ಈಗ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತಾರೆ. ಸೇನಾ ಭರ್ತಿಗೆ ತಯಾರಾಗುವ ಹುಡುಗರು 1,600 ಮೀಟರ್ ಓಟದ ಬಗ್ಗೆ ಏನು ಬೇಕಾದರೂ ಕೇಳಿ. ಮೇ ತಿಂಗಳ ಬಗ್ಗೆ ಮಾತ್ರ ಬೇಡ, ನಾನೇ ಇನ್ನೂ ಕೇಳಿಲ್ಲ.

ಮತ್ತೆ, ಅವತ್ತಿನ ಆರತಿ ತಟ್ಟೆಗಳು ನಮ್ಮಲ್ಲೇ ಉಳಿದಿವೆ. ಹೆಸರು ಕೆತ್ತಿರುವುದನ್ನು ನಾವೇ ಮುಟ್ಟಿಸುತ್ತೇವೆ. ಉಳಿದವನ್ನು ಗುರುತು ಹಿಡಿದು ಒಯ್ಯಿರಿ. ಬಂದವರು ಚಹಾ ಕುಡಿದೇ ಹೋಗಬೇಕು.