ಎದೆಹಾಲು ಶೇಖರಿಸುವ ಚೀಲಗಳ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ಮಹಿಳಾ ಸಹಕಾರ ಸಂಘದ ಮಂಡ್ಯದ ಮಳಿಗೆಯಲ್ಲಿ ಇದುವರೆಗೆ ಮಾರುತ್ತಿದ್ದ 250 ಮಿಲಿಲೀಟರ್‌ನ ಎದೆಹಾಲು ಚೀಲಗಳು ಮುಂದಿನ ತಿಂಗಳ 1ನೇ ತಾರೀಖಿನಿಂದ ಸಿಗುವುದಿಲ್ಲ. ಅವುಗಳ ಬದಲಿಗೆ 120 ಮಿಲಿಲೀಟರ್‌ನ, ಎರಡು ಸಾಲು ಜಿಪ್ ಇರುವ, ಅಂಚಿನ ಬೆಸುಗೆ ಅಗಲವಾಗಿರುವ ಚೀಲಗಳನ್ನು ತರಿಸಿದ್ದೇವೆ. 25 ಚೀಲಗಳ ಪ್ಯಾಕೆಟ್ಟಿಗೆ 200 ರೂಪಾಯಿ ಇದ್ದದ್ದು ಇನ್ನು 30 ಚೀಲಗಳಿಗೆ 330 ರೂಪಾಯಿ ಆಗುತ್ತದೆ. ಅಂದರೆ 200 ಮಿಲಿಲೀಟರ್ ಹಾಲಿಗೆ 8 ರೂಪಾಯಿಯ ಒಂದು ಚೀಲ ಸಾಕಾಗುತ್ತಿದ್ದಲ್ಲಿ, ಈಗ 11 ರೂಪಾಯಿಯ ಎರಡು ಚೀಲಗಳು ಬೇಕು. ಚೀಲ ಚಿಕ್ಕದಾಗಿ ಬೆಲೆ ದೊಡ್ಡದಾಯಿತಲ್ಲ ಎಂದು ನೀವು ಕೇಳುವ ಮೊದಲೇ ಕಾರಣವನ್ನು ಹೇಳಿಬಿಡುವುದು ನ್ಯಾಯವೆಂದು ಈ ಪತ್ರ ಬರೆಯುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತಾಯಿಯೊಬ್ಬರು ಊಟದ ಡಬ್ಬಿಯಲ್ಲಿ ಒಂದು ಖಾಲಿ ಚೀಲವನ್ನಿಟ್ಟುಕೊಂಡು ಮಳಿಗೆಗೆ ಬಂದರು. ರಾತ್ರಿ ಫ್ರೀಜರಿನಿಂದ ತೆಗೆದು ಕೆಳಗಿಟ್ಟಿದ್ದ ಹಾಲು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಫ್ರಿಜ್ಜಿನ ತರಕಾರಿ ತಟ್ಟೆಗೆ ಇಳಿದಿತ್ತಂತೆ. ಅವರು ಜಗಳವಾಡಲಿಲ್ಲ, ಚೀಲವನ್ನು ಬೆಳಕಿಗೆ ಹಿಡಿದು ಕೆಳಮೂಲೆಯನ್ನು ತೋರಿಸಿ, ಇದಕ್ಕೇನು ಹೇಳುತ್ತೀರಿ ಎಂದಷ್ಟೇ ಕೇಳಿದರು. ಎರಡು ಬಾರಿ ಕೂತು ಹಿಂಡಿ ತೆಗೆದ ಹಾಲು ಅದು. ಅದಕ್ಕೂ ಮುಂಚೆ ಇಂಥ ದೂರುಗಳು ಬಂದಾಗ, ಜಿಪ್ ಸರಿಯಾಗಿ ಒತ್ತಿರಲಿಕ್ಕಿಲ್ಲ ಎಂದು ನಾವೇ ಗ್ರಾಹಕರಿಗೆ ಹೇಳಿ ಕಳಿಸಿದ್ದೆವು. ಅದು ನಮ್ಮ ತಪ್ಪು.

ಅಂದು ಸಂಜೆಯೇ ದಾಸ್ತಾನಿನಿಂದ ಹತ್ತು ಚೀಲಗಳನ್ನು ತೆಗೆದು, ಕುಂಕುಮ ಕದಡಿದ ನೀರು ತುಂಬಿಸಿ, ಸದಸ್ಯೆಯೊಬ್ಬರ ಮನೆಯ ಫ್ರೀಜರಿನಲ್ಲಿಟ್ಟೆವು. ಮರುದಿನ ಅವನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ಕರಗಲು ಬಿಟ್ಟಾಗ, ಮೂರು ಚೀಲಗಳ ಕೆಳಗೆ ಕಾಗದದ ಮೇಲೆ ಕೆಂಪು ಗೆರೆ ಮೂಡಿತು. ಮೂರರಲ್ಲೂ ಸೋರಿಕೆ ಇದ್ದದ್ದು ಜಿಪ್ಪಿನಲ್ಲಲ್ಲ, ತಳದ ಬೆಸುಗೆ ಪಕ್ಕದ ಬೆಸುಗೆಯನ್ನು ಸೇರುವ ಮೂಲೆಯಲ್ಲಿ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಾಲಿನ ಬಹುಪಾಲು ನೀರೇ ಆದ್ದರಿಂದ ಅದರದ್ದೂ ಅದೇ ಕಥೆ. ಬೆಸುಗೆ ಕಿರಿದಾಗಿದ್ದರೆ ಆ ಒತ್ತಡ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಿಸುತ್ತದೆ. ಮಂಜುಗಡ್ಡೆಯಾಗಿರುವವರೆಗೆ ಅದು ಕಾಣುವುದಿಲ್ಲ, ಕರಗಿದಾಗಲೇ ತಿಳಿಯುವುದು.

ಇನ್ನೊಂದು ವಿಷಯವೂ ಆ ದಿನ ಗೊತ್ತಾಯಿತು. ಔಷಧಿ ಅಂಗಡಿಯ ದೊಡ್ಡ ಸಿರಿಂಜಿನಲ್ಲಿ ಅಳೆದು ನೀರು ಹಾಕಿದಾಗ, ಹಳೆಯ ಚೀಲದ ಮೇಲೆ ಅಚ್ಚಾಗಿದ್ದ 100ರ ಗೆರೆಯನ್ನು ಮುಟ್ಟಲು 115 ಮಿಲಿಲೀಟರ್ ಬೇಕಾಯಿತು. ಯಾವ ಚೀಲದಲ್ಲೇ ಆಗಲಿ ಈ ಗೆರೆಗಳು ಅಂದಾಜಿನವು, ಏಕೆಂದರೆ ಚೀಲ ಹೇಗೆ ಉಬ್ಬುತ್ತದೆಂಬುದರ ಮೇಲೆ ಮಟ್ಟ ಏರಿಳಿಯುತ್ತದೆ. ಹೊಸ ಚೀಲದಲ್ಲೂ ಅದು ತಪ್ಪಿದ್ದಲ್ಲ. ವೈದ್ಯರು ಇಷ್ಟೇ ಮಿಲಿಲೀಟರ್ ಎಂದು ಹೇಳಿದ್ದರೆ ದಯವಿಟ್ಟು ಅಳತೆಯ ಲೋಟದಲ್ಲಿ ಅಳೆದೇ ಕೊಡಿ.

ಹಳೆಯ ಚೀಲವನ್ನು ನಾವು ಆರಿಸಿದ್ದು ಹೇಗೆಂದು ಒಪ್ಪಿಕೊಳ್ಳಬೇಕು. ಸಗಟು ದರ ಕಡಿಮೆ ಇತ್ತು, ಹೂವಿನ ಚಿತ್ರ ಚೆನ್ನಾಗಿತ್ತು, ಮೇಲೆ ‘ಬಿಪಿಎ ಮುಕ್ತ’ ಎಂಬ ಮುದ್ರೆ ಇತ್ತು. ಬಿಪಿಎ ಎಂಬ ರಾಸಾಯನಿಕ ಬಳಕೆಯಾಗುವುದು ಪಾಲಿಕಾರ್ಬೊನೇಟ್ ಎಂಬ ಗಡುಸಾದ ಪ್ಲಾಸ್ಟಿಕ್ಕಿನ ತಯಾರಿಕೆಯಲ್ಲಿ; ಹಾಲಿನ ಚೀಲಗಳನ್ನು ಮಾಡುವ ಪಾಲಿಥಿನ್‌ಗೆ ಅದು ಬೇಕಾಗುವುದೇ ಇಲ್ಲ. ಆ ಮುದ್ರೆ ಸುಳ್ಳಲ್ಲ, ಆದರೆ ಒಂದು ಚೀಲ ಇನ್ನೊಂದಕ್ಕಿಂತ ಮೇಲೆಂಬುದನ್ನು ಅದು ಹೇಳುವುದಿಲ್ಲ. ನಾವು ಅದನ್ನೇ ದೊಡ್ಡದಾಗಿ ಹೇಳಿ ಮಾರಿದೆವು. ಈ ಬಾರಿ ಕೇಳಿದ ಪ್ರಶ್ನೆಗಳೇ ಬೇರೆ: ಆಹಾರಕ್ಕೆ ತಾಗುವ ಪಾಲಿಥಿನ್‌ಗಾಗಿ ಇರುವ ಐಎಸ್ 10146 ಮಾನಕಕ್ಕೆ ಒಪ್ಪುವ ಪ್ರಮಾಣಪತ್ರ ಇದೆಯೇ, ಬೆಸುಗೆ ಎಷ್ಟು ಅಗಲ, ಬಾಯಿಯನ್ನು ಜಿಪ್ಪಿನ ಮೇಲ್ಭಾಗದಲ್ಲಿ ಮುಚ್ಚಿಯೇ ಕಳಿಸುತ್ತಾರೆಯೇ. ಕುಂಕುಮದ ನೀರಿನ ಪರೀಕ್ಷೆಯನ್ನು ಹೊಸ ಚೀಲಗಳಿಗೂ ಮಾಡಿದ್ದೇವೆ. ಕಾಗದದ ಮೇಲೆ ಗೆರೆ ಬೀಳಲಿಲ್ಲ.

ಹೊಸ ಚೀಲ ಮುಚ್ಚಿದ ಬಾಯಿಯೊಂದಿಗೇ ಬರುತ್ತದೆ. ಮೇಲಿನ ಪಟ್ಟಿಯನ್ನು ಗುರುತಿನ ಗೆರೆಯಲ್ಲಿ ಹರಿದು ತೆಗೆದರೆ ಜಿಪ್ ಸಿಗುತ್ತದೆ. ಒಳಗೆ ಎರಡು ಪದರ ಅಂಟಿಕೊಂಡಂತೆ ಇದ್ದರೆ ಹೊರಗಿನಿಂದ ಬೆರಳಲ್ಲಿ ಉಜ್ಜಿ ಬಿಡಿಸಿ, ಬಾಯಿಯಿಂದ ಊದಬೇಡಿ. ಅಂಗಡಿಯಲ್ಲಿ ಕವರ್ ಬಿಡಿಸುವ ಅಭ್ಯಾಸ ಇಲ್ಲಿ ಸಲ್ಲದು. ದಿನಾಂಕವನ್ನು ಜಿಪ್ಪಿನ ಮೇಲಿನ ಬಿಳಿ ಪಟ್ಟಿಯಲ್ಲಿ, ಹಾಲು ತುಂಬುವ ಮೊದಲೇ, ಮಾರ್ಕರಿನಿಂದ ಬರೆಯಿರಿ. ಬಾಲ್‌ಪೆನ್ನಿನ ಮೊನೆ ಚೀಲವನ್ನು ಚುಚ್ಚಬಹುದು.

ಅಳತೆ 120 ಏಕೆ ಎಂಬುದೇ ಮುಖ್ಯ ಪ್ರಶ್ನೆ. ಒಮ್ಮೆ ಪೂರ್ತಿ ಕರಗಿದ ಎದೆಹಾಲನ್ನು ಫ್ರಿಜ್ಜಿನಲ್ಲಿಟ್ಟರೂ 24 ಗಂಟೆಯೊಳಗೆ ಬಳಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ; ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ಮಗು ಒಂದು ಸಲಕ್ಕೆ 80 ಅಥವಾ 90 ಮಿಲಿಲೀಟರ್ ಕುಡಿಯುವ ಮನೆಯಲ್ಲಿ 200 ಮಿಲಿಲೀಟರಿನ ಗಡ್ಡೆಯನ್ನು ಕರಗಿಸಿದರೆ ಏನಾಗುತ್ತದೆಂದು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಕೂಡ 60ರಿಂದ 120 ಮಿಲಿಲೀಟರ್‌ನಷ್ಟು ಸಣ್ಣ ಪ್ರಮಾಣದಲ್ಲೇ ಇಡಲು, ಮೇಲೆ ಒಂದು ಇಂಚು ಜಾಗ ಬಿಡಲು ಹೇಳುತ್ತದೆ. ಚಿಕ್ಕ ಚೀಲದ ಗಾಳಿ ತೆಗೆದು, ಸ್ಟೀಲ್ ತಟ್ಟೆಯ ಮೇಲೆ ಮಟ್ಟಸವಾಗಿ ಮಲಗಿಸಿ ಹೆಪ್ಪುಗಟ್ಟಿಸಿದರೆ ತೆಳ್ಳಗಿನ ಹಲಗೆಯಂತಾಗುತ್ತದೆ. ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಜೋಡಿಸಬಹುದು, ಕರಗುವುದೂ ಬೇಗ. ತಟ್ಟೆ ಇಡದೆ ನೇರವಾಗಿ ಮಂಜಿನ ಮೇಲಿಟ್ಟರೆ ಚೀಲ ಅಂಟಿಕೊಳ್ಳುತ್ತದೆ, ಎಳೆದಾಗ ಹರಿಯುತ್ತದೆ. ನಮಗೆ ವಾಪಸ್ ಬಂದ ಚೀಲಗಳಲ್ಲಿ ಕೆಲವು ಹರಿದದ್ದು ಹೀಗೆಯೇ, ಅದಕ್ಕೆ ಹೊಸ ಚೀಲವೂ ಮದ್ದಲ್ಲ.

ಶೇಖರಣೆಯ ಅವಧಿಯನ್ನು ಹಳೆಯ ಪ್ಯಾಕೆಟ್ಟಿನ ಮೇಲೆ ‘6 ತಿಂಗಳು’ ಎಂದು ಮಾತ್ರ ಅಚ್ಚು ಹಾಕಿಸಿದ್ದೆವು. ಅದು ಸದಾ ಮೈನಸ್ 18 ಡಿಗ್ರಿಯಲ್ಲಿರುವ, ಪ್ರತ್ಯೇಕ ಬಾಗಿಲಿನ ಫ್ರೀಜರಿನ ಮಾತು. ನಮ್ಮ ಸದಸ್ಯೆಯರಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಒಂದೇ ಬಾಗಿಲಿನ ಫ್ರಿಜ್; ಅದರೊಳಗಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದಿಲ್ಲ, ಬಾಗಿಲು ತೆಗೆದಾಗಲೆಲ್ಲ ಬಿಸಿ ಗಾಳಿ ನುಗ್ಗುತ್ತದೆ, ಬೇಸಿಗೆಯಲ್ಲಿ ಕರೆಂಟೂ ಹೋಗುತ್ತಿರುತ್ತದೆ. ಅಂಥ ಪೆಟ್ಟಿಗೆಯಲ್ಲಿ 2 ವಾರಕ್ಕಿಂತ ಹೆಚ್ಚು ಇಡಬೇಡಿ ಎಂದು ಹೊಸ ಪ್ಯಾಕೆಟ್ಟಿನಲ್ಲಿ ಬರೆಸಿದ್ದೇವೆ. ಆಗತಾನೇ ತೆಗೆದ ಹಾಲು ಫ್ರಿಜ್ಜಿನ ಒಳಭಾಗದಲ್ಲಿ, ಅಂದರೆ ಬಾಗಿಲಿನ ತಟ್ಟೆಯಲ್ಲಲ್ಲ, 4 ದಿನ ಇರುತ್ತದೆ. ಹೊರಗೆ 4 ಗಂಟೆ ಎಂಬ ಲೆಕ್ಕ 25 ಡಿಗ್ರಿಯೊಳಗಿನ ಕೋಣೆಗೆ. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆಗೆ ಅದನ್ನು ಅನ್ವಯಿಸಬೇಡಿ. ಅವಧಿಗೆ ಮುಂಚೆ ಹುಟ್ಟಿದ ಅಥವಾ ಆರೋಗ್ಯ ಸರಿಯಿಲ್ಲದ ಮಗುವಾದರೆ ಈ ಯಾವ ಲೆಕ್ಕವನ್ನೂ ನಂಬದೆ ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ.

ಇಲ್ಲಿ ನಮ್ಮ ವ್ಯಾಪಾರಕ್ಕೆ ವಿರುದ್ಧವಾದ ಒಂದು ಮಾತು. ನಾಳೆ ನಾಡಿದ್ದರಲ್ಲಿ ಬಳಸುವ ಹಾಲಿಗೆ ಚೀಲ ಬೇಕಿಲ್ಲ. ಕುದಿಸಿ ತೊಳೆದ, ಬಿಗಿ ಮುಚ್ಚಳದ ಗಾಜಿನ ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಾಕು. ಹೆಪ್ಪುಗಟ್ಟಿಸಿ ಇಡುವವರು, ಕೆಲಸಕ್ಕೆ ಮರಳುವ ಮೊದಲು ಒಂದಿಷ್ಟು ಕೂಡಿಟ್ಟುಕೊಳ್ಳುವವರು ಮಾತ್ರ ಚೀಲ ಕೊಳ್ಳಲಿ. ಆಗ ಹೆಚ್ಚಿದ ಬೆಲೆಯೂ ಅಷ್ಟು ಭಾರವಾಗದು. ಅಗ್ಗವೆಂದು ತೊಳೆದ ಹಾಲಿನ ಪ್ಯಾಕೆಟ್, ದೋಸೆ ಹಿಟ್ಟಿನ ಕವರ್, ಒಮ್ಮೆ ಬಳಸಿದ ಹಳೆಯ ಚೀಲ ಇವನ್ನು ಮಾತ್ರ ಬಳಸಬೇಡಿ. ಕಾರ್ಖಾನೆಯಲ್ಲಿ ಹಾಲು ಹಿಂಡಲು ಸಮಯವೆಲ್ಲಿ ಎನ್ನುವವರಿಗೆ: ಮೊದಲು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮವು ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ಬಿಡುವಿನ ಜೊತೆಗೆ ದಿನಕ್ಕೆ ಎರಡು ಬಿಡುವುಗಳನ್ನು ಹಾಲುಣಿಸುವುದಕ್ಕಾಗಿ ಕೊಟ್ಟಿದೆ. ಮೇಲ್ವಿಚಾರಕರ ಬಳಿ ಅದನ್ನು ಕೇಳಿ ಪಡೆಯಿರಿ.

ಚೀಲದ ಜೊತೆ ಬಾಟಲಿಯನ್ನು ಉಚಿತವಾಗಿ ಕೊಡಿ ಎಂದು ಕೆಲವರು ಕೇಳಿದ್ದಾರೆ. ಕೊಡುವುದಿಲ್ಲ. ಹಾಲುಣಿಸುವ ಬಾಟಲಿಗಳನ್ನು ಉಡುಗೊರೆ, ಜಾಹೀರಾತುಗಳ ಮೂಲಕ ಪ್ರಚಾರ ಮಾಡುವುದನ್ನು 1992ರ ಕಾಯ್ದೆ ತಡೆಯುತ್ತದೆ, ಮತ್ತು ಕರಗಿಸಿದ ಹಾಲನ್ನು ಒಳಲೆಯಲ್ಲಿ ಕುಡಿಸಲು ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿಯೇ ಗೊತ್ತಿದೆ.

ಹಳೆಯ ಚೀಲಗಳಲ್ಲಿ ಈಗಾಗಲೇ ಹಾಲು ಇಟ್ಟಿದ್ದರೆ ಎಸೆಯಬೇಡಿ. ಬಳಸಬೇಕಾದಾಗ ಆಯಾ ಚೀಲವನ್ನು ಒಂದು ಶುಚಿಯಾದ ಬಟ್ಟಲಿನಲ್ಲಿಟ್ಟು ಫ್ರಿಜ್ಜಿನ ಕೆಳ ಅರೆಯಲ್ಲಿ ರಾತ್ರಿಯಿಡೀ ಕರಗಲು ಬಿಡಿ. ನೀರಿನಲ್ಲಿ ಮುಳುಗಿಸಬೇಡಿ, ಬಿರುಕಿದ್ದರೆ ಹೊರಗಿನ ನೀರು ಒಳಗೆ ಹೋಗುತ್ತದೆ. ಬಟ್ಟಲಿನಲ್ಲಿ ಹಾಲು ಕಂಡರೆ ಆ ಚೀಲದ ಹಾಲನ್ನು ಮಗುವಿಗೆ ಕೊಡಬೇಡಿ, ಖಾಲಿ ಚೀಲವನ್ನು ನಮಗೆ ತಂದು ತೋರಿಸಿ. ಅಂಥ ಒಂದೊಂದು ಚೀಲಕ್ಕೂ ಎರಡು ಹೊಸ ಚೀಲ ಕೊಡುತ್ತೇವೆ.

ಒಡೆಯದ ಹಳೆಯ ಪ್ಯಾಕೆಟ್‌ಗಳಿಗೆ ಕೊಟ್ಟ ಹಣವನ್ನು ಪೂರ್ತಿ ಹಿಂದಿರುಗಿಸುತ್ತೇವೆ, ಒಡೆದ ಪ್ಯಾಕೆಟ್ಟಿನಲ್ಲಿ ಉಳಿದ ಚೀಲಗಳಿಗೆ ಎಣಿಕೆಯಂತೆ ತಲಾ 8 ರೂಪಾಯಿ. ರಸೀದಿ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಹೂವಿನ ಚಿತ್ರದ ಆ ಚೀಲಗಳು ನಮ್ಮವೇ ಎಂದು ನಮಗೆ ಗೊತ್ತು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ